ಕೊರಿಯಾದ ಮದುವೆ: ಬೀಗರು, ಮುಯ್ಯಿ ಮತ್ತು ಮರದ ಹೆಬ್ಬಾತು – ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯಾದ ಧಾರಾವಾಹಿಗಳನ್ನು ನೋಡುವವರು ನಮ್ಮ ಮನೆಗಳಲ್ಲಿ ಹೆಚ್ಚಿದಂತೆಲ್ಲ ಆ ದೇಶದ ಮದುವೆಯ ಬಗ್ಗೆ ನನ್ನನ್ನು ವಿಚಾರಿಸುವವರೂ ಹೆಚ್ಚಿದ್ದಾರೆ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದು, ಜೊತೆಗೆ ದುಡಿದವರ ಮದುವೆಗಳಲ್ಲಿ ಕೂತು ಉಂಡು ಬಂದವನು ನಾನು. ಧಾರಾವಾಹಿ ತೋರಿಸುವುದು ಇಬ್ಬರ ಕಥೆ; ನಾನು ಕಂಡದ್ದು ಎರಡು ಮನೆಗಳ ಕಥೆ. ಅದನ್ನೇ ಇಲ್ಲಿ ಬಿಡಿಸಿ ಹೇಳಲು ನೋಡಿದ್ದೇನೆ. ಎಲ್ಲವೂ ದಕ್ಷಿಣ ಕೊರಿಯಾದ ಮಾತು.

ಅಲ್ಲಿ ಎಲ್ಲವೂ ಪ್ರೇಮವಿವಾಹವೇ?

ಇಂದಿನ ಹೆಚ್ಚಿನ ಮದುವೆಗಳು ಹುಡುಗ ಹುಡುಗಿ ತಾವೇ ಒಪ್ಪಿ ಆಗುವಂಥವು. ಆದರೆ 'ತಾವೇ ಒಪ್ಪಿ' ಎಂದರೆ ದಾರಿಯಲ್ಲಿ ಎದುರಾಗಿ ಮನಸೋತರು ಎಂದಲ್ಲ. ಪರಿಚಯ ಮಾಡಿಸುವವರು ಬಹುಪಾಲು ನಡುವೆ ಇದ್ದೇ ಇರುತ್ತಾರೆ. ಗೆಳೆಯರು ಇಬ್ಬರನ್ನು ಭೇಟಿ ಮಾಡಿಸಿದರೆ ಅದಕ್ಕೆ 'ಸೋಗೆಟಿಂಗ್' ಎನ್ನುತ್ತಾರೆ. ಮದುವೆಯ ಉದ್ದೇಶವಿಟ್ಟುಕೊಂಡು, ಹಿರಿಯರ ಅಥವಾ ಮಧ್ಯಸ್ಥರ ಮೂಲಕ ಹೋಟೆಲಿನ ಕಾಫಿ ಅಂಗಡಿಯಲ್ಲಿ ಕೂತು ಮಾತಾಡಿದರೆ ಅದು 'ಸೊನ್'. ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ಹತ್ತಿರದ್ದು ಇದೇ. ಓದು, ನೌಕರಿ, ಆಸ್ತಿ, ಅಪ್ಪನ ಉದ್ಯೋಗ ಎಲ್ಲವನ್ನೂ ಬರೆದುಕೊಂಡು ಜೋಡಿ ಹುಡುಕಿಕೊಡುವ ಕಂಪನಿಗಳೂ ಇವೆ. ಮಧ್ಯಸ್ಥಿಕೆಯ ಬಗ್ಗೆ ಅವರಲ್ಲೊಂದು ಗಾದೆಯಿದೆ: ಸಂಬಂಧ ಕೂಡಿಬಂದರೆ ಮೂರು ಬಟ್ಟಲು ಮದ್ಯ, ಕೆಟ್ಟರೆ ಕೆನ್ನೆಗೆ ಮೂರು ಏಟು. ಇದನ್ನು ನಮ್ಮ ಹಳ್ಳಿಯ ಯಾವ ಮದುವೆ ದಲ್ಲಾಳಿಗೆ ಹೇಳಿದರೂ ಕೂಡಲೇ ಅರ್ಥವಾಗುತ್ತದೆ.

ನೂರನೇ ದಿನ, ಹದಿನಾಲ್ಕನೇ ತಾರೀಕು ಎಂದೆಲ್ಲ ಆಚರಿಸುತ್ತಾರಂತೆ?

ಹೌದು. ಜೊತೆಗೂಡಿದ ದಿನದಿಂದ ಎಣಿಸಿ ನೂರನೇ ದಿನ, ಇನ್ನೂರನೇ ದಿನ, ಸಾವಿರದ ದಿನ. ನೂರನೇ ದಿನಕ್ಕೆ ಜೋಡಿ ಉಂಗುರ ಹಾಕಿಕೊಳ್ಳುವುದು ಸಾಮಾನ್ಯ. ಫೆಬ್ರುವರಿ 14ರಂದು ಹುಡುಗಿ ಹುಡುಗನಿಗೆ ಚಾಕೊಲೇಟ್ ಕೊಡುತ್ತಾಳೆ, ಮಾರ್ಚ್ 14ರಂದು ಹುಡುಗ ತಿರುಗಿ ಕ್ಯಾಂಡಿ ಕೊಡುತ್ತಾನೆ. ಎರಡೂ ಸಿಗದವರು ಏಪ್ರಿಲ್ 14ರಂದು ಕಪ್ಪು ಸಾಸಿನ ಜಾಜಾಂಗ್‌ಮ್ಯೊನ್ ನೂಡಲ್ಸ್ ತಿನ್ನುತ್ತಾರೆ.

ಮದುವೆಯಾಗುತ್ತೀಯಾ ಎಂದು ಕೇಳುವುದು ಯಾವಾಗ? ನಿಶ್ಚಿತಾರ್ಥ ಇದೆಯೇ?

ಹೊರಗಿನವರಿಗೆ ವಿಚಿತ್ರವೆನಿಸುವ ಸಂಗತಿ ಇದು. ಮದುವೆಯ ದಿನ ಗೊತ್ತಾಗಿ, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟು, ಎಲ್ಲ ಮುಗಿದ ಮೇಲೆ ಹುಡುಗ ಹೂವು ಉಂಗುರ ಹಿಡಿದು ಕೇಳುವುದು ಅಲ್ಲಿ ತೀರಾ ಸಾಮಾನ್ಯ. ಏಕೆಂದರೆ ನಿಜವಾದ ಒಪ್ಪಿಗೆ ಬೇರೊಂದು ಕಡೆ ಆಗಿರುತ್ತದೆ: ಎರಡೂ ಮನೆಯವರು ಮೊದಲ ಬಾರಿ ಎದುರುಬದುರು ಕೂರುವ 'ಸಾಂಗ್‌ಗ್ಯೊನ್ನೆ'ಯಲ್ಲಿ. ಸಾಧಾರಣವಾಗಿ ಒಳ್ಳೆಯ ಊಟದ ಹೋಟೆಲಿನ ಒಂದು ಪ್ರತ್ಯೇಕ ಕೋಣೆ. ಸದ್ದಿಲ್ಲದ ಊಟ. ಎರಡೂ ಕಡೆಯವರು ತಮ್ಮ ಮಗುವಿನ ಕುಂದುಗಳನ್ನು ಹೇಳಿ ಎದುರಿನವರ ಮಗುವನ್ನು ಹೊಗಳುತ್ತಾರೆ. ಆ ಸಂಜೆಯಿಂದ ಅವರು ಪರಸ್ಪರ 'ಸಾದೊನ್'. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅಲ್ಲಿನ ಗೆಳೆಯನೊಬ್ಬ ತಡಕಾಡುತ್ತಿದ್ದಾಗ ನನಗೆ ತಡೆಯದಷ್ಟು ಸಂತೋಷವಾಗಿತ್ತು. ನಮ್ಮಲ್ಲಿ ಆ ಪದ ಸಿದ್ಧವಾಗಿಯೇ ಇದೆ: ಬೀಗರು.

ಜಾತಕ ನೋಡುತ್ತಾರೆಯೇ?

ನೋಡುತ್ತಾರೆ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ – ಈ ನಾಲ್ಕನ್ನು ನಾಲ್ಕು ಕಂಬಗಳೆಂದು ಎಣಿಸಿ 'ಸಾಜು' ಎನ್ನುತ್ತಾರೆ. ಒಂದೊಂದು ಕಂಬಕ್ಕೆ ಎರಡು ಅಕ್ಷರದಂತೆ ಒಟ್ಟು ಎಂಟಕ್ಷರ, 'ಪಾಲ್ಜಾ'. ಆ ಪದಕ್ಕೆ ಹಣೆಬರಹ ಎಂಬ ಅರ್ಥವೂ ಬಂದುಬಿಟ್ಟಿದೆ. ಇಬ್ಬರ ಸಾಜು ಕೂಡಿಸಿ ನೋಡುವುದು 'ಗುಂಗ್‌ಹಾಪ್'. ಹಿಂದೆ ಗಂಡಿನ ಮನೆಯವರು ಹುಡುಗನ ಸಾಜುವನ್ನು ಕಾಗದದಲ್ಲಿ ಬರೆದು ಹೆಣ್ಣಿನ ಮನೆಗೆ ಕಳುಹಿಸುತ್ತಿದ್ದರು. ಹೆಣ್ಣಿನ ಮನೆಯವರು ಮುಹೂರ್ತ ಗೊತ್ತುಮಾಡಿ ತಿಳಿಸುತ್ತಿದ್ದರು. ಈಗ ರಾಜಧಾನಿ ಸೋಲ್ ನಗರದಲ್ಲಿ ಕಾಫಿ ಕುಡಿಯುತ್ತ ಸಾಜು ಕೇಳುವ ಅಂಗಡಿಗಳೇ ಇವೆ. ನಾಲ್ಕು ವರ್ಷದ ಅಂತರವಿದ್ದರೆ ಗುಂಗ್‌ಹಾಪ್ ನೋಡುವುದೇ ಬೇಡ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ.

ಇದರ ಕಹಿ ಮುಖವನ್ನೂ ಹೇಳಬೇಕು. ನಮ್ಮಲ್ಲಿ ಮೂಲಾ, ಆಶ್ಲೇಷಾ ನಕ್ಷತ್ರದ ಹೆಣ್ಣುಮಕ್ಕಳು ಅನುಭವಿಸುವ ಸಂಕಟವನ್ನು ಅಲ್ಲಿ ಹನ್ನೆರಡು ಪ್ರಾಣಿಗಳ ವರ್ಷಚಕ್ರದ ಕುದುರೆ ವರ್ಷದಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಅನುಭವಿಸಿದ್ದಾರೆ. ಅವರು ಹಟಮಾರಿಗಳು, ಗಂಡನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ. ಬಿಳಿ ಕುದುರೆ ವರ್ಷವೆಂದು ಜನ ಹೆದರಿದ 1990ರಲ್ಲಿ ನೂರು ಹೆಣ್ಣುಕೂಸಿಗೆ 116ಕ್ಕೂ ಹೆಚ್ಚು ಗಂಡುಕೂಸುಗಳು ಹುಟ್ಟಿದವು. ಗಂಡು ಸಂತಾನದ ಹಂಬಲ, ಭ್ರೂಣದ ಲಿಂಗಪತ್ತೆ ಎರಡೂ ಇದ್ದ ಕಾಲವದು. ಈ ನಂಬಿಕೆ ಅದಕ್ಕೆ ಇನ್ನಷ್ಟು ಉರಿ ಕೊಟ್ಟಿತು.

ನಮ್ಮ ಸಗೋತ್ರದಂತೆ ಅವರಿಗೂ ಯಾವುದಾದರೂ ಕಟ್ಟುಪಾಡು ಇದೆಯೇ?

ಇತ್ತು, ಮತ್ತು ಬಹಳ ಬಿಗಿಯಾಗಿತ್ತು. ಕೊರಿಯಾದಲ್ಲಿ ಮನೆತನದ ಹೆಸರಿಗೆ ಒಂದು ಮೂಲಸ್ಥಳವೂ ಅಂಟಿಕೊಂಡಿರುತ್ತದೆ. ಅದಕ್ಕೆ 'ಬೋನ್' ಎನ್ನುತ್ತಾರೆ. ಕಿಮ್ ಎಂಬ ಹೆಸರಿನವರು ಐವರಲ್ಲಿ ಒಬ್ಬರು. ಆದರೆ ಗಿಮ್ಹೆಯ ಕಿಮ್ ಬೇರೆ, ಗ್ಯೊಂಗ್ಜುವಿನ ಕಿಮ್ ಬೇರೆ. ಹೆಸರೂ ಮೂಲಸ್ಥಳವೂ ಒಂದೇ ಆದವರು ಒಬ್ಬ ಮೂಲಪುರುಷನ ಮಕ್ಕಳು, ಅವರು ಮದುವೆಯಾಗಕೂಡದು ಎಂದು ಕಾನೂನೇ ಹೇಳುತ್ತಿತ್ತು. ಗಿಮ್ಹೆಯ ಕಿಮ್ ಮನೆತನದವರೇ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಎಂದರೆ ಈ ನಿಷೇಧ ಎಷ್ಟು ದೊಡ್ಡ ಬಲೆ ಎಂಬುದು ತಿಳಿಯುತ್ತದೆ. ತಿಳಿಯದೆ ಪ್ರೀತಿಸಿದವರು ನೋಂದಣಿಯಿಲ್ಲದೆ ಒಟ್ಟಿಗೆ ಬಾಳಿದರು. ಅವರ ಮಕ್ಕಳಿಗೆ ದಾಖಲೆಗಳಲ್ಲಿ ಸರಿಯಾದ ಜಾಗ ಸಿಗಲಿಲ್ಲ. ಸರ್ಕಾರ 1978, 1988 ಮತ್ತು 1996ರಲ್ಲಿ ತಲಾ ಒಂದು ವರ್ಷ ಬಾಗಿಲು ತೆರೆದು ಇಂಥ ಜೋಡಿಗಳ ಮದುವೆಯನ್ನು ನೋಂದಾಯಿಸಿಕೊಂಡು ಮತ್ತೆ ಮುಚ್ಚಿತು. ಕೊನೆಗೆ 1997ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಇದು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು, 2005ರಲ್ಲಿ ಕಾನೂನು ಬದಲಾಯಿತು. ಈಗ ರಕ್ತಸಂಬಂಧಿಗಳಲ್ಲಿ ಎಂಟು 'ಛೊನ್' (ಸಂಬಂಧದ ಹತ್ತಿರ-ದೂರ ಎಣಿಸುವ ಮೆಟ್ಟಿಲು) ಒಳಗಿನವರು ಮಾತ್ರ ಮದುವೆಯಾಗುವಂತಿಲ್ಲ. ನಮ್ಮಲ್ಲಿ ಸಗೋತ್ರ ವಿವಾಹಕ್ಕಿದ್ದ ಕಾನೂನಿನ ತೊಡಕು ನಿವಾರಣೆಯಾದದ್ದು 1946ರಲ್ಲಿ. ಹಾಗೆಂದು ಸೋದರಮಾವನ ಮಗಳನ್ನು ತರುವ ನಮ್ಮ ಪದ್ಧತಿಯನ್ನು ಅವರಿಗೆ ಹೇಳಿ ನೋಡಿ – ನಂಬುವುದಿಲ್ಲ. ತಾಯಿಯ ಕಡೆಯವರಾದರೂ ಅವರಿಗೆ ಅದು ನಿಷಿದ್ಧ.

ಭಾರತದ ರಾಜಕುಮಾರಿ ಅಲ್ಲಿನ ರಾಣಿಯಾದಳು ಎನ್ನುವುದು ನಿಜವೇ?

ಹದಿಮೂರನೆಯ ಶತಮಾನದಲ್ಲಿ ಇರ್ಯೊನ್ ಎಂಬ ಬೌದ್ಧ ಭಿಕ್ಷು ಕೂಡಿಸಿದ 'ಸಮ್‌ಗುಕ್ ಯೂಸಾ'ದಲ್ಲಿ ಆ ಐತಿಹ್ಯವಿದೆ. ಕ್ರಿ.ಶ. 48ರಲ್ಲಿ 'ಅಯುತಾ' ದೇಶದಿಂದ ಹಡಗೇರಿ ಬಂದ ಹದಿನಾರರ ಹುಡುಗಿ ಹೊ ಹ್ವಾಂಗ್-ಓಕ್, ಗಯಾ ರಾಜ್ಯದ ದೊರೆ ಕಿಮ್ ಸುರೊನನ್ನು ವರಿಸಿದಳು. ಅಯುತಾ ಎಂದರೆ ಅಯೋಧ್ಯೆ ಎಂದು ನಂಬಿ 2001ರಲ್ಲಿ ಅಯೋಧ್ಯೆಯಲ್ಲಿ ಸ್ಮಾರಕವನ್ನೂ ನಿಲ್ಲಿಸಿದ್ದಾರೆ. ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಮದುವೆಯ ಮಟ್ಟಿಗೆ ಈ ಐತಿಹ್ಯ ಇಂದಿಗೂ ಕೆಲಸ ಮಾಡುತ್ತಿದೆ: ರಾಣಿಯ ಇಬ್ಬರು ಮಕ್ಕಳು ತಾಯಿಯ ಹೆಸರನ್ನು ಪಡೆದರು ಎಂಬ ನಂಬಿಕೆಯಿಂದ ಗಿಮ್ಹೆಯ ಕಿಮ್ ಮತ್ತು ಗಿಮ್ಹೆಯ ಹೊ ಮನೆತನದವರು ಅಣ್ಣತಮ್ಮಂದಿರೆಂದು ತಿಳಿದು ಸಂಬಂಧ ಬೆಳೆಸದೆ ಬಂದಿದ್ದಾರೆ.

ಮುಖಕ್ಕೆ ಒಣ ಮೀನು ಕಟ್ಟಿಕೊಂಡು ಕೂಗುತ್ತ ಬರುವವರು ಯಾರು?

ಅದು ಮೀನಲ್ಲ, ಒಣಗಿಸಿದ ಸ್ಕ್ವಿಡ್. ಕಣ್ಣಿಗೆ ತೂತು ಮಾಡಿ ಮುಖವಾಡವಾಗಿ ತೊಡುತ್ತಾರೆ. ಮದುವೆಗೆ ಮುಂಚೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ 'ಹಾಮ್' ಎಂಬ ಪೆಟ್ಟಿಗೆ ಹೋಗುತ್ತದೆ. ಒಳಗೆ ಮದುವೆಯ ಪತ್ರ, ಕೆಂಪು ಮತ್ತು ನೀಲಿ ರೇಷ್ಮೆ. ಅದನ್ನು ಹೊರುವ ಗೆಳೆಯನಿಗೆ ಚೊಚ್ಚಲು ಗಂಡುಮಗು ಇರಬೇಕೆಂಬ ನಿಯಮವಿತ್ತು. ಗೆಳೆಯರ ಗುಂಪು ಬೀದಿಯಲ್ಲಿ ನಿಂತು "ಹಾಮ್ ಕೊಳ್ಳಿರಿ" ಎಂದು ಕೂಗುತ್ತದೆ. ಹೆಣ್ಣಿನ ಮನೆಯವರು ನೆಲದ ಮೇಲೆ ಹಣದ ಲಕೋಟೆ ಇಟ್ಟರೆ ಒಂದು ಹೆಜ್ಜೆ, ಇನ್ನೊಂದು ಇಟ್ಟರೆ ಇನ್ನೊಂದು ಹೆಜ್ಜೆ. ಒಳಗೆ ಕೆಂಪು ಅವರೆಕಾಳಿನಂಥ ಕಾಳು ಹಾಕಿ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಕಡುಬು ಸಿದ್ಧವಾಗಿ, ಅದರ ಮೇಲೆಯೇ ಪೆಟ್ಟಿಗೆಯನ್ನು ಬರಮಾಡಿಕೊಳ್ಳುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಗದ್ದಲಕ್ಕೆ ನೆರೆಯವರು ಸಿಡುಕುವುದರಿಂದ ಈಗ ಈ ಆಟ ಅಪರೂಪ. ಅನೇಕ ಕಡೆ ವರನೇ ಸದ್ದಿಲ್ಲದೆ ಸೂಟ್‌ಕೇಸಿನಲ್ಲಿ ತಂದುಕೊಡುತ್ತಾನೆ. ಆ ಕೂಗು ಮರೆಯಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಳೆಯ ಪದ್ಧತಿಯ ಮದುವೆಯಲ್ಲಿ ಏನೇನು ನಡೆಯುತ್ತದೆ?

ಹೆಣ್ಣಿನ ಮನೆಯ ಅಂಗಳದಲ್ಲಿ ಮದುವೆ. ವರ ಮೊದಲು ತರುವುದು ಮರದಲ್ಲಿ ಕೆತ್ತಿದ ಹೆಬ್ಬಾತನ್ನು, 'ಗಿರೊಗಿ'. ಅದನ್ನು ಇಟ್ಟು ನಮಸ್ಕರಿಸುತ್ತಾನೆ, ಅತ್ತೆಯಾಗುವವಳು ಅದನ್ನು ತನ್ನ ಲಂಗದಲ್ಲಿ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಹೆಬ್ಬಾತು ಒಮ್ಮೆ ಕೂಡಿದ ಜೋಡಿಯನ್ನು ಬಿಡುವುದಿಲ್ಲ, ಸಾಲು ತಪ್ಪದೆ ಹಾರುತ್ತದೆ ಎಂಬ ಕಾರಣಕ್ಕೆ ಈ ಕಾಣಿಕೆ.

ನಂತರ ಎತ್ತರದ ಮೇಜಿನ ಎರಡು ಬದಿಯಲ್ಲಿ ವಧೂವರರು. ಮೇಜಿನ ಮೇಲೆ ಪೈನ್ ಮತ್ತು ಬಿದಿರಿನ ಕೊಂಬೆ, ಕೆಂಪು-ನೀಲಿ ಮೇಣದ ಬತ್ತಿ, ದೇಚು ಹಣ್ಣು, ಚೆಸ್ಟ್‌ನಟ್ ಮತ್ತು ಬಟ್ಟೆಯಲ್ಲಿ ಸುತ್ತಿದ ಒಂದು ಹುಂಜ, ಒಂದು ಹೇಂಟೆ. ವಧು ಎರಡು ಬಾರಿ ಬಾಗುತ್ತಾಳೆ, ವರ ಒಂದು ಬಾರಿ. ಮತ್ತೆ ವಧು ಎರಡು, ವರ ಒಂದು. ಸಮಸಂಖ್ಯೆ ಹೆಣ್ಣಿನದು, ಬೆಸಸಂಖ್ಯೆ ಗಂಡಿನದು ಎಂಬ ಲೆಕ್ಕ. ಎಷ್ಟೋ ಜೋಡಿಗಳಿಗೆ ಹಿಂದೆ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿದ್ದುದೇ ಈ ಗಳಿಗೆಯಲ್ಲಿ.

ಆಮೇಲೆ ನನಗೆ ತುಂಬ ಇಷ್ಟವಾದ ಭಾಗ. ಒಂದೇ ಸೋರೆಬುರುಡೆಯನ್ನು ಸೀಳಿ ಮಾಡಿದ ಎರಡು ಬಟ್ಟಲುಗಳಲ್ಲಿ ಇಬ್ಬರೂ ಮದ್ಯ ಸವಿಯುತ್ತಾರೆ. ಲೋಕದಲ್ಲಿ ಎಷ್ಟೇ ಸೋರೆಗಳಿದ್ದರೂ ಒಂದು ಹೋಳಿಗೆ ಕೂಡುವುದು ಅದರ ಇನ್ನೊಂದು ಹೋಳು ಮಾತ್ರ. ಮಂತ್ರವಿಲ್ಲ, ಮಾತಿಲ್ಲ, ಬಟ್ಟಲೇ ಎಲ್ಲವನ್ನೂ ಹೇಳಿಬಿಡುತ್ತದೆ.

ವರ ರಾಜನ ಅಧಿಕಾರಿಯಂತೆ ಉಡುವುದೇಕೆ?

ಮದುವೆಯ ಒಂದು ದಿನ ಸಾಮಾನ್ಯನಿಗೂ ಆಸ್ಥಾನದ ಅಧಿಕಾರಿಯ ನಿಲುವಂಗಿ, ಟೋಪಿ ತೊಡಲು ಜೋಸೊನ್ ರಾಜವಂಶದ ಕಾಲದಲ್ಲಿ ಅವಕಾಶವಿತ್ತು. ವಧುವಿಗೂ ಅಷ್ಟೇ: ಅಂತಃಪುರದ ಉಡುಪು, ತಲೆಗೆ 'ಜೊಕ್ದುರಿ' ಎಂಬ ಪುಟ್ಟ ಕಿರೀಟ, ಹಣೆಗೂ ಎರಡು ಕೆನ್ನೆಗೂ ಕೆಂಪು ಬೊಟ್ಟು.

ಮದುವೆಯ ನಂತರ ಹುಡುಗಿ ಗಂಡನ ಮನೆಗೆ ಹೋಗುವುದು ಮೊದಲಿನಿಂದ ಬಂದ ಪದ್ಧತಿಯೇ?

ಅಲ್ಲ. ಭಾಷೆಯೇ ಅದಕ್ಕೆ ಸಾಕ್ಷಿ. ಹೆಣ್ಣು ಮದುವೆಯಾದಳು ಎನ್ನಲು ಕೊರಿಯನ್ನರು 'ಶಿಜಿಪ್'ಗೆ ಹೋದಳು, ಅಂದರೆ ಗಂಡನ ಮನೆಗೆ ಹೋದಳು ಎನ್ನುತ್ತಾರೆ. ಗಂಡು ಮದುವೆಯಾದ ಎನ್ನಲು 'ಜಾಂಗ್‌ಗಾ'ಗೆ ಹೋದ, ಅಂದರೆ ಮಾವನ ಮನೆಗೆ ಹೋದ ಎನ್ನುತ್ತಾರೆ. ಎರಡನೆಯದೇ ಹಳೆಯ ರೂಢಿ. ಪ್ರಾಚೀನ ಗೋಗುರ್ಯೊ ರಾಜ್ಯದಲ್ಲಿ ಹೆಣ್ಣಿನ ಮನೆಯ ಹಿಂದೆ ಅಳಿಯನಿಗೆಂದೇ ಚಿಕ್ಕ ಮನೆ ಕಟ್ಟುತ್ತಿದ್ದರೆಂದೂ, ಮಕ್ಕಳು ಬೆಳೆದ ಮೇಲೆ ಅವನು ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದನೆಂದೂ ಚೀನಾದ ಹಳೆಯ ದಾಖಲೆಗಳು ಹೇಳುತ್ತವೆ.

ಜೋಸೊನ್ ಅರಸರು ಚೀನಾದ ಚಿಂತಕ ಝೂ ಶಿಯ ಕನ್‌ಫ್ಯೂಶಿಯನ್ ಗೃಹವಿಧಿಗಳನ್ನು ಜಾರಿಗೆ ತರಲು ಹೊರಟಾಗ ಜನ ಬೇಗ ಒಪ್ಪಲಿಲ್ಲ. 1435ರಲ್ಲಿ, ಸೇಜೊಂಗ್ ರಾಜನ ಕಾಲದಲ್ಲಿ, ರಾಜಮನೆತನದವರೇ ವಧುವನ್ನು ಗಂಡಿನ ಮನೆಗೆ ಕರೆತರುವ ಮದುವೆ ಮಾಡಿ ತೋರಿಸಬೇಕಾಯಿತು. ಆದರೂ ನೂರು ವರ್ಷದ ನಂತರ, ಚಿತ್ರಕಲಾವಿದೆ ಶಿನ್ ಸಾಯಿಮ್‌ದಾಂಗ್ ಮದುವೆಯಾಗಿ ಬಹುಕಾಲ ಗಂಗ್ನುಂಗ್‌ನ ತವರಿನಲ್ಲೇ ಉಳಿದಳು. 1536ರಲ್ಲಿ ಅವಳ ಮಗ, ಮುಂದೆ ಯುಲ್ಗೊಕ್ ಎಂದು ಹೆಸರಾದ ವಿದ್ವಾಂಸ, ಹುಟ್ಟಿದ್ದು ಅಲ್ಲಿಯೇ, ಓಜುಖೊನ್ ಎಂಬ ಮನೆಯಲ್ಲಿ. ಆಗ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲಿತ್ತು. ಹದಿನೇಳನೆಯ ಶತಮಾನದಿಂದ ಎರಡೂ ಒಟ್ಟಿಗೆ ಹೋದವು: ಆಸ್ತಿಯ ಪಾಲೂ ತವರಿನ ವಾಸವೂ. ಸೊಸೆ ಮೂರು ವರ್ಷ ಕಿವುಡಿಯಾಗಿ, ಮೂರು ವರ್ಷ ಕುರುಡಿಯಾಗಿ, ಮೂರು ವರ್ಷ ಮೂಕಿಯಾಗಿ ಬಾಳಬೇಕು ಎಂಬ ಮಾತು ಅತ್ತೆಮನೆಯ ಆ ಬದುಕಿನಿಂದಲೇ ಬಂದದ್ದು. 'ನಮ್ಮ ಸಂಪ್ರದಾಯ' ಎಂದು ಸೊಸೆಯರ ಮೇಲೆ ಹೊರಿಸುವ ಭಾರ ಇಷ್ಟು ಈಚಿನದು ಎಂದು ತಿಳಿದಾಗ ನನಗೆ ಸಿಟ್ಟೇ ಬಂದಿತ್ತು.

ಈಗಿನ ಮದುವೆ ಅರ್ಧ ಗಂಟೆಯಲ್ಲಿ ಮುಗಿಯುತ್ತದಂತೆ, ಹೌದೇ?

ಮಂಟಪದ ವಿಧಿ ಹೌದು, ಸುಮಾರು ಅಷ್ಟೇ ಹೊತ್ತು. 'ಯೆಶಿಕ್ಜಾಂಗ್' ಎಂಬ ಮದುವೆ ಕಟ್ಟಡಗಳಲ್ಲಿ ಒಂದರ ಹಿಂದೆ ಒಂದು ಮದುವೆ. ಇಬ್ಬರ ತಾಯಂದಿರೂ ಸಾಂಪ್ರದಾಯಿಕ ಉಡುಪಾದ ಹಾನ್‌ಬೋಕ್ ಉಟ್ಟು – ವರನ ತಾಯಿ ನೀಲಿ ಛಾಯೆ, ವಧುವಿನ ತಾಯಿ ಗುಲಾಬಿ ಛಾಯೆ – ಕೈಹಿಡಿದು ಬಂದು ಮೇಣದ ಬತ್ತಿ ಹಚ್ಚುತ್ತಾರೆ. ವರ ನಡೆದು ಬರುತ್ತಾನೆ, ವಧು ತಂದೆಯೊಡನೆ ಬರುತ್ತಾಳೆ, ಇಬ್ಬರೂ ಬಾಗಿ ವಂದಿಸುತ್ತಾರೆ. ಹಿಂದೆ 'ಜುರ್ಯೆ' ಎಂಬ ಹಿರಿಯರು, ಹೆಚ್ಚಾಗಿ ಪ್ರೊಫೆಸರ್ ಅಥವಾ ಕಚೇರಿಯ ಮೇಲಧಿಕಾರಿ, ನಿಂತು ಉಪದೇಶ ಮಾಡುತ್ತಿದ್ದರು. ಈಗ ತಂದೆಯೊಬ್ಬರು ನಾಲ್ಕು ಮಾತಾಡುವುದೇ ಹೆಚ್ಚು. ಒಂದು ಹಾಡು, ತಂದೆತಾಯಿಗೆ ನಮಸ್ಕಾರ, ಸಾಲಾಗಿ ನಿಂತು ಫೋಟೊ. ಹೊರಗೆ ಮುಂದಿನ ಜೋಡಿ ಕಾಯುತ್ತಿರುತ್ತದೆ.

ಈ ಅವಸರಕ್ಕೆ ಸರ್ಕಾರದ ಕೈಯೂ ಸೇರಿದೆ. ಅಂದಿನ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಆಡಳಿತ 1969ರಲ್ಲಿ ಗೃಹವಿಧಿಗಳನ್ನು ಸರಳಗೊಳಿಸುವ ನಿಯಮಾವಳಿ ತಂದಿತು. 1973ರಲ್ಲಿ ಅದಕ್ಕೆ ದಂಡವೂ ಸೇರಿ, ಆಮಂತ್ರಣ ಪತ್ರಿಕೆ ಮುದ್ರಿಸಿ ಹಂಚುವುದು, ಅತಿಥಿಗಳಿಗೆ ಉಣಬಡಿಸುವುದು ನಿಷಿದ್ಧವಾಯಿತು. ಮದುವೆ ಊಟದ ನಿರ್ಬಂಧವನ್ನು ಸಂವಿಧಾನ ನ್ಯಾಯಾಲಯ ತೆಗೆದುಹಾಕಿದ್ದು 1998ರಲ್ಲಿ. ಜನ ಅಷ್ಟು ದಿನ ಉಣ್ಣದೆ ಹೋಗಲಿಲ್ಲ ಎನ್ನುವುದು ಬೇರೆ ಮಾತು. "ಗುಕ್ಸು ಯಾವಾಗ ಹಾಕಿಸುತ್ತೀಯ?" ಎಂದು ಅವಿವಾಹಿತರನ್ನು ಕೇಳುವ ರೂಢಿ ಅಳಿಯಲಿಲ್ಲ. ಗುಕ್ಸು ಎಂದರೆ ಗೋಧಿ ಶಾವಿಗೆ. ಗೋಧಿ ದುರ್ಲಭವಾಗಿದ್ದ ಕಾಲದಲ್ಲಿ ಅದು ಮದುವೆಮನೆಯ ಊಟ.

ಸಹೋದ್ಯೋಗಿಯ ಮದುವೆಗೆ ಕರೆದಿದ್ದಾರೆ. ಉಡುಗೊರೆ ಏನು ಕೊಡಲಿ?

ಉಡುಗೊರೆ ಬೇಡ, ಮುಯ್ಯಿ ಮಾಡಿ. 'ಚುಗುಯಿಗುಮ್' ಎನ್ನುವ ಹಣವನ್ನು ಬಿಳಿ ಲಕೋಟೆಯಲ್ಲಿಟ್ಟು, ಹಿಂಬದಿಯ ಎಡಮೂಲೆಯಲ್ಲಿ ಮೇಲಿಂದ ಕೆಳಕ್ಕೆ ನಿಮ್ಮ ಹೆಸರು ಬರೆಯಿರಿ. ಬಾಗಿಲಲ್ಲಿ ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು ಮೇಜು ಇರುತ್ತದೆ. ನಿಮ್ಮನ್ನು ಕರೆದವರ ಕಡೆಯ ಮೇಜಿಗೇ ಕೊಡಿ. ಅಲ್ಲಿ ಕೂತ ನೆಂಟರು ಪುಸ್ತಕದಲ್ಲಿ ಬರೆದುಕೊಂಡು ಊಟದ ಚೀಟಿ ಕೊಡುತ್ತಾರೆ. ಮೊತ್ತ ಮೂವತ್ತು, ಐವತ್ತು, ಎಪ್ಪತ್ತು ಸಾವಿರ ವಾನ್ ಹೀಗೆ ಬೆಸಸಂಖ್ಯೆಯಲ್ಲಿರಬೇಕು. ಒಂದು ಲಕ್ಷ ತುಂಬಿದ ಸಂಖ್ಯೆಯಾದ್ದರಿಂದ ಅದಕ್ಕೆ ವಿನಾಯಿತಿ. ಈಚೆಗೆ ಊಟದ ಬೆಲೆ ಏರಿರುವುದರಿಂದ, ಹೋಗದೆ ಕಳುಹಿಸುವುದಾದರೆ ಐವತ್ತು ಸಾವಿರ, ಹೋಗಿ ಉಣ್ಣುವುದಾದರೆ ಒಂದು ಲಕ್ಷ ಎಂಬ ಲೆಕ್ಕ ನಡೆಯುತ್ತಿದೆ. ಐವತ್ತು ಸಾವಿರದ ನೋಟು 2009ರಲ್ಲಿ ಬಂತು. ಅದರ ಮೇಲಿರುವ ಮುಖ ಯಾರದು ಗೊತ್ತೇ? ಬಹುಕಾಲ ತವರಿನಲ್ಲೇ ಬಾಳಿದ ಶಿನ್ ಸಾಯಿಮ್‌ದಾಂಗ್.

ಆ ಪುಸ್ತಕವನ್ನು ಜೋಪಾನವಾಗಿಡುತ್ತಾರೆ. ಇಂದು ಬರೆದವರ ಮನೆಯಲ್ಲಿ ನಾಳೆ ಮದುವೆಯಾದಾಗ ತೆರೆದು ನೋಡಿ ಅಷ್ಟನ್ನೇ ತಿರುಗಿ ಮಾಡಬೇಕು. ಹಾಗಾಗಿಯೇ ಬಂದ ಹಣದ ಮೇಲೆ ತಂದೆತಾಯಿಗೆ ಹಕ್ಕಿದೆ ಎಂದು ಹೆಚ್ಚಿನ ಮನೆಗಳಲ್ಲಿ ತಿಳಿಯುತ್ತಾರೆ – ದಶಕಗಳಿಂದ ಊರಿಗೆಲ್ಲ ಮುಯ್ಯಿ ಮಾಡಿದವರು ಅವರು.

ಏನು ಉಡಲಿ?

ಬಿಳಿ ಬೇಡ, ಅದು ವಧುವಿನ ಬಣ್ಣ. ಸೀರೆ ಉಟ್ಟರೆ ಸಂತೋಷಪಡುತ್ತಾರೆ. ಹೂಗುಚ್ಛ ಹಿಡಿಯಲು ಮುಂದೆ ಹೋಗಬೇಡಿ, ಹಿಡಿಯುವ ಗೆಳತಿ ಮೊದಲೇ ಗೊತ್ತಾಗಿರುತ್ತಾಳೆ.

ವಧುವಿನ ಮಡಿಲಿಗೆ ಹಣ್ಣು ಎಸೆಯುವುದು ಏನು?

ಅದು 'ಪ್ಯೆಬೆಕ್'. ಮಂಟಪದ ವಿಧಿ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ, ಹಾನ್‌ಬೋಕ್ ಉಟ್ಟು, ವರನ ಹಿರಿಯರಿಗೆ ನಮಸ್ಕಾರ. ಮಾವ ಎಸೆದ ದೇಚು ಮತ್ತು ಚೆಸ್ಟ್‌ನಟ್‌ಗಳನ್ನು ಇಬ್ಬರೂ ಬಟ್ಟೆ ಹರಡಿ ಹಿಡಿಯುತ್ತಾರೆ, ಹಿಡಿದಷ್ಟು ಮಕ್ಕಳು. ದೇಚು ನಮ್ಮ ಬೋರೆಹಣ್ಣಿನ ಬಳಗದ್ದೇ. ಉಡಿ ತುಂಬುವುದನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದು ಗಂಡಿನ ಮನೆಯವರಿಗಷ್ಟೇ ಮೀಸಲಾಗಿತ್ತು. ಈಗ ಹೆಣ್ಣಿನ ತಂದೆತಾಯಿಯನ್ನೂ ಕೂರಿಸುವ ಮನೆಗಳಿವೆ, ಇಡೀ ವಿಧಿಯನ್ನೇ ಬಿಟ್ಟವರೂ ಇದ್ದಾರೆ.

ವರದಕ್ಷಿಣೆ ಇದೆಯೇ?

ಆ ಹೆಸರಿನಲ್ಲಿ ಇಲ್ಲ. ಗಂಡಿನ ಕಡೆಯವರು ಮನೆ ಮಾಡಿಕೊಡಬೇಕು, ಹೆಣ್ಣಿನ ಕಡೆಯವರು 'ಹೋನ್ಸು', ಅಂದರೆ ಮನೆಯೊಳಗಿನ ಸಾಮಾನು ತುಂಬಬೇಕು, ಜೊತೆಗೆ ವರನ ಹಿರಿಯರಿಗೆ 'ಯೆದಾನ್' ಕೊಡಬೇಕು ಎಂಬುದು ರೂಢಿ. ಯೆದಾನ್ ಮೊದಲು ರೇಷ್ಮೆಯಾಗಿತ್ತು, ಆಮೇಲೆ ಹಣವಾಯಿತು. ಒಂದು ಭಾಗವನ್ನು ಗಂಡಿನ ಮನೆಯವರು ತಿರುಗಿ ಕಳುಹಿಸುತ್ತಾರೆ. ಈ ಲೆಕ್ಕ ತಪ್ಪಿ ಮುರಿದುಬಿದ್ದ ಸಂಬಂಧಗಳಿವೆ. ಸೋಲ್‌ನಲ್ಲಿ ಮನೆ ಕೊಳ್ಳುವುದು ದೂರದ ಮಾತು. 'ಜೊನ್ಸೆ'ಗೆ, ಅಂದರೆ ಬೆಂಗಳೂರಿನಲ್ಲಿ ಭೋಗ್ಯಕ್ಕೆ ಹಿಡಿಯುವಂತೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಮನೆ ಹಿಡಿಯುವುದೂ ಒಬ್ಬರ ಶಕ್ತಿ ಮೀರಿದೆ. ಹಾಗಾಗಿ ಈಗ ಹಲವರು ಎಲ್ಲ ಖರ್ಚನ್ನೂ ಅರ್ಧರ್ಧ ಹಂಚಿಕೊಂಡು ಯೆದಾನ್ ಕೈಬಿಡುತ್ತಿದ್ದಾರೆ. ಅದು ಒಳ್ಳೆಯದೇ ಆಯಿತು.

ಕಾನೂನಿನ ಕಣ್ಣಲ್ಲಿ ಮದುವೆ ಆಗುವುದು ಯಾವಾಗ? ಹೆಣ್ಣಿನ ಹೆಸರು ಬದಲಾಗುತ್ತದೆಯೇ?

ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಣಿ ಅರ್ಜಿ ಕೊಟ್ಟಾಗ. ಮಂಟಪದ ವಿಧಿಗೆ ಕಾನೂನಿನ ಬೆಲೆಯಿಲ್ಲ. ಕನಿಷ್ಠ ವಯಸ್ಸು ಇಬ್ಬರಿಗೂ 18. ಹೆಣ್ಣು ತನ್ನ ಹೆಸರನ್ನು ಎಂದೂ ಬದಲಿಸುವುದಿಲ್ಲ. ಮಕ್ಕಳಿಗೆ ತಂದೆಯ ಮನೆತನದ ಹೆಸರು. ತಾಯಿಯದು ಬೇಕೆಂದರೆ ಮದುವೆ ನೋಂದಾಯಿಸುವಾಗಲೇ ಒಪ್ಪಿ ಹೇಳಬೇಕು. ಮನೆಯ ಗಂಡಸೇ ಯಜಮಾನನೆಂದು ದಾಖಲಿಸುವ 'ಹೋಜು' ಪದ್ಧತಿ 2008ರಲ್ಲಿ ಹೋಯಿತು. ಭಾರತೀಯರು ಕೊರಿಯನ್ನರನ್ನು ಮದುವೆಯಾದರೆ ಅಲ್ಲಿ ನೆಲಸಲು ಎಫ್-6 ವೀಸಾ ಬೇಕು. ಅದಕ್ಕೆ ಸಂಗಾತಿಯ ಆದಾಯವನ್ನೂ ಇಬ್ಬರಿಗೂ ಮಾತಾಡಲು ಒಂದು ಭಾಷೆ ಇದೆಯೇ ಎಂಬುದನ್ನೂ ನೋಡುತ್ತಾರೆ.

ಅಲ್ಲಿ ಯಾರೂ ಮದುವೆಯಾಗುತ್ತಿಲ್ಲ ಎನ್ನುವುದು ನಿಜವೇ?

1996ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮದುವೆಗಳಾಗಿದ್ದವು. 2023ರಲ್ಲಿ ಸುಮಾರು 1 ಲಕ್ಷ 94 ಸಾವಿರ. 2024ರಲ್ಲಿ ಮತ್ತೆ ಏರಿ 2 ಲಕ್ಷ 22 ಸಾವಿರ ದಾಟಿತು. ಮೊದಲ ಮದುವೆಯ ಸರಾಸರಿ ವಯಸ್ಸು ಗಂಡಿಗೆ 34ರ ಆಸುಪಾಸು, ಹೆಣ್ಣಿಗೆ 31 ದಾಟಿದೆ. ಮನೆಯ ಬೆಲೆ, ಕೆಲಸದ ಹೊತ್ತು ಎಂದು ಎಲ್ಲರೂ ಹೇಳುತ್ತಾರೆ, ಅದು ಸರಿ. ಆದರೆ ನನಗೆ ಪರಿಚಯವಿದ್ದ ಹೆಣ್ಣುಮಕ್ಕಳು ಹೆಚ್ಚಾಗಿ ಹೇಳುತ್ತಿದ್ದುದು ಚುಸೊಕ್ ಎಂಬ ಸುಗ್ಗಿ ಹಬ್ಬದ ವಿಷಯ: ಗಂಡನ ಮನೆಯಲ್ಲಿ ಬೆಳಗಿನಿಂದ ಎಣ್ಣೆಯ ಮುಂದೆ ನಿಂತು, ಗಂಡನ ಪಿತೃಗಳಿಗೆ ಅಡುಗೆ ಮಾಡಿ, ಸ್ವಂತ ತಾಯಿಯ ಮುಖ ನೋಡಲು ಸಂಜೆಯವರೆಗೆ ಕಾಯುವುದು.

ಮಧುಚಂದ್ರ ಮುಗಿಸಿ ಬಂದವರು ಮೊದಲು ಯಾರ ಮನೆಗೆ ಹೋಗುತ್ತಾರೆ?

ಹೆಣ್ಣಿನ ತವರಿಗೆ. ಅಲ್ಲಿ ಒಂದು ರಾತ್ರಿ ತಂಗುತ್ತಾರೆ. ಅತ್ತೆ ಅಳಿಯನಿಗೆ ಕೋಳಿ ಬೇಯಿಸಿ ಬಡಿಸುತ್ತಾಳೆ. ಮರುದಿನ ಮಗಳ ಕೈಯಲ್ಲಿ 'ಇಬಾಜಿ' ಎಂಬ ಬುತ್ತಿ ಕಟ್ಟಿಕೊಡುತ್ತಾಳೆ: ಅಕ್ಕಿಯ ಕಡುಬು, ಹಣ್ಣು, ಮಾಂಸ, ಕರಿದ ತಿಂಡಿ, ಎಲ್ಲವನ್ನೂ ಬಣ್ಣದ ಬಟ್ಟೆಯಲ್ಲಿ ಗಂಟು ಕಟ್ಟಿ. ಅದನ್ನು ಹೊತ್ತುಕೊಂಡು ಇಬ್ಬರೂ ಗಂಡಿನ ಮನೆಗೆ ಹೊರಡುತ್ತಾರೆ.